ಭಾವನ ಮದ್ದು, ಅಕ್ಕನ ಮೀನು

ಅರುವತ್ತರ ದಶಕದಲ್ಲಿ, ಮಾಷ್ಟ್ರ ಕೆಲಸ ಸಿಕ್ಕಿದ ಹೊಸತರಲ್ಲಿ, ನಾನು ಅಕ್ಕನ ಮನೆಯಲ್ಲಿದ್ದೆ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಿಂದ ಅರ್ಧ ದಾರಿಯಲ್ಲಿಳಿದು ತೋಡು, ಅಂದರೆ ಒಂದು ಸಣ್ಣ ಹಳ್ಳ, ದಾಟಿದರೆ ಅವರ ಗದ್ದೆ. ಭಾವನಿಗೆ ಹೊಸ ವಸ್ತು ಯಾವುದಾದರೂ ಸರಿ, ಬೇಕೇ ಬೇಕು. ಊರಿಗೆ ಮೊದಲ ಟಾರ್ಚು ತಂದವರು ಅವರೇ. ಹಗಲಲ್ಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು.

ಅಕ್ಕನಿಗೆ ಬೇಕಾದದ್ದು ಮೀನು. ಅದೂ ಕಡಲಿನದಲ್ಲ. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಮೀನು ಹತ್ತಿ ಬಂದರೆ, ಸೀರೆ ಎತ್ತಿಕಟ್ಟಿ ಬುಟ್ಟಿ ಹಿಡಿದು ತಾನೇ ಇಳಿಯುತ್ತಿದ್ದಳು. ಆ ಮುಗುಡು ಮೀನಿನ ಪದಾರ್ಥಕ್ಕಾಗಿ ನಾನು ಶಾಲೆಯಿಂದ ಓಡಿ ಬರುತ್ತಿದ್ದೆ.

ಮಲೇರಿಯಾದವರು ಬಂದು ಗೋಡೆಗೆ ಡಿಡಿಟಿ ಹೊಡೆದು ಹೋದಾಗ ಭಾವನಿಗೆ ಹಬ್ಬ. ಎಲ್ಲಿಂದಲೋ ಅದರ ಪುಡಿಯನ್ನೂ ತಂದು ಮಂಚಗಳಿಗೆ ಉದುರಿಸಿದರು. ತಿಗಣೆ ನಿರ್ನಾಮ. ಸುದ್ದಿ ಹಬ್ಬಿ ನೆಂಟರು ಬಂದರು, ಬಂದವರು ಸುಖವಾಗಿ ನಿದ್ದೆ ಮಾಡಿದರು, ಹೊರಡುವ ಮಾತೇ ಇಲ್ಲ. "ತಿಗಣೆಯಾದರೆ ಅನ್ನ ಕೇಳ್ತಿರಲಿಲ್ಲ," ಎಂದಳು ಅಕ್ಕ.

ಮರುವರ್ಷ ಪೈರಿಗೆ ಹುಳು ಬಿತ್ತು. ಭಾವ ಬಂಟ್ವಾಳದಿಂದ ಎಂಡ್ರಿನ್ ಎಂಬ ಮದ್ದಿನ ಡಬ್ಬಿ ತಂದು ಸಿಂಪಡಿಸಿದರು. ಹುಳುವೆಲ್ಲ ಸತ್ತಿತು. "ಮಾಷ್ಟ್ರೇ, ಬಂದು ನೋಡಿ, ಒಂದು ಬಾಕಿ ಉಂಟಾ?" ಎಂದು ನನ್ನನ್ನು ಗದ್ದೆಯ ಅಂಚಿನ ಹುಣಿಯ ಮೇಲೆ ಉದ್ದಕ್ಕೂ ನಡೆಸಿದರು. ಆಮೇಲೆ ಜೋರು ಮಳೆ ಬಂತು. ಗದ್ದೆ ತುಂಬಿ ನೀರು ತೋಡಿಗೆ ಹರಿಯಿತು.

ಬೆಳಗ್ಗೆ ನೋಡಿದರೆ ತೋಡಿನ ತುಂಬ ಮೀನು, ಹೊಟ್ಟೆ ಮೇಲಾಗಿ. ಸುಮ್ಮನೆ ಸಿಕ್ಕಿದ ಮೀನು ಯಾರಿಗೆ ಬೇಡ? ನೆರೆಕರೆಯವರು ಬುಟ್ಟಿ ಹಿಡಿದು ಓಡಿ ಬಂದರು. ಅಕ್ಕ ನೀರಿನ ನಡುವೆ ನಿಂತು ಕೈ ಅಡ್ಡ ಹಿಡಿದಳು.

"ಯಾರೂ ಮುಟ್ಟಬೇಡಿ! ಮದ್ದಿಗೆ ಸತ್ತದ್ದು ಇದು."

"ತೊಳೆದರೆ ಆಯ್ತಲ್ಲ ಅಕ್ಕ?" ಎಂದರು ನೆರೆಯವರೊಬ್ಬರು.

"ನೀರಲ್ಲೇ ಇದ್ದದ್ದು ಸತ್ತಿದೆ. ಇನ್ನು ಯಾವುದರಲ್ಲಿ ತೊಳೀತೀರಿ?"

ಗೊಣಗುತ್ತ ಎಲ್ಲರೂ ಬುಟ್ಟಿ ಖಾಲಿ ಮಾಡಿದರು. ನಾನೂ ಅಕ್ಕನೂ ಸೇರಿ ಸತ್ತ ಮೀನನ್ನೆಲ್ಲ ಗುಡ್ಡದಲ್ಲಿ ಹೂತೆವು.

ಊಟಕ್ಕೆ ಕೂತಾಗ ಭಾವ ಸಮಾಧಾನ ಹೇಳಲು ಹೋದರು. "ಹೋಗಲಿ ಮಾರಾಯ್ತಿ, ಕಡಲ ಮೀನು ಉಂಟಲ್ಲ."

"ನಮ್ಮ ತೋಡು ಎಲ್ಲಿಗೆ ಹೋಗ್ತದೆ?"

"ನೇತ್ರಾವತಿಗೆ."

"ನೇತ್ರಾವತಿ ಎಲ್ಲಿಗೆ?"

ಭಾವ ಗಂಜಿಯಲ್ಲಿ ಬೆರಳಾಡಿಸಿದರು. "ಬೇಡ, ಇನ್ನು ಆ ಮದ್ದು ಬೇಡ, ಬಿಡುವ," ಎಂದರು.

ಮಾತಿಗೆ ತಪ್ಪಲಿಲ್ಲ. ಮರುವರ್ಷ ಹುಳು ತಿಂದಷ್ಟು ತಿಂದಿತು. ಆದರೆ ಮೊದಲ ಮಳೆಗೆ ಅಕ್ಕ ಬುಟ್ಟಿ ಹಿಡಿದು ನಿಂತದ್ದೇ ಬಂತು, ಒಂದು ಮೀನೂ ಹತ್ತಲಿಲ್ಲ. ಗದ್ದೆಯಲ್ಲಿ ಏಡಿ ಕೂಡ ಇಲ್ಲ. ಭಾವ ಬೆಳ್ತಂಗಡಿಗೆ ಹೋಗಿ ಕೃಷಿ ಇಲಾಖೆಯವರನ್ನು ಕೇಳಿ ಬಂದರು. "ಆ ಮದ್ದು ಕೆಸರಲ್ಲೇ ಕೂತಿರ್ತದಂತೆ. ಬೇಗ ಹೋಗುವ ಜಾತಿ ಅಲ್ಲವಂತೆ," ಎಂದು ಜಗಲಿಯಲ್ಲಿ ಕುಸಿದು ಕೂತರು. ಅಕ್ಕನಿಗೆ ಅವರನ್ನು ಕಂಡು ಪಾಪ ಎನಿಸಿರಬೇಕು, ಬೆಲ್ಲದ ಕಾಫಿ ಮಾಡಿ ಕೊಟ್ಟಳು.

ಅಷ್ಟರಲ್ಲಿ ನನಗೆ ಮೂಡಬಿದಿರೆಗೆ ವರ್ಗವಾಯಿತು. ಮುಂದಿನ ಮಳೆಗಾಲದಲ್ಲಿ ಒಂದು ಭಾನುವಾರ ಬಂದು ನೋಡುತ್ತೇನೆ, ಭಾವ ಮೇಲಿನ ಗದ್ದೆಯವರ ಅಂಗಳದಲ್ಲಿ ಕೊಡೆ ಹಿಡಿದು ನಿಂತು ವಾದ ಮಾಡುತ್ತಿದ್ದಾರೆ: "ನೀವು ಹೊಡೆದರೆ ನನ್ನ ಗದ್ದೆಗೇ ಬರುವುದಲ್ವಾ?" ಅವರು ನಗುತ್ತಿದ್ದರು. ಅವರಿಗೆ ಮದ್ದು ಹೊಡೆಯಲು ಕಲಿಸಿದ್ದೂ ಭಾವನೇ. ಕೊನೆಗೆ ತೋಡಿನ ಪಕ್ಕದ ಗದ್ದೆಗಳಿಗೆ ಹೊಡೆಯುವುದಿಲ್ಲವೆಂದು ಒಪ್ಪಿದರು.

ಆ ವರ್ಷ ಬೆರಳುದ್ದದ ಮರಿಗಳು ಕೆಲವು ಹತ್ತಿ ಬಂದಿದ್ದವು. ಅಕ್ಕ ಹಿಡಿಯಲಿಲ್ಲ, ಸೀರೆ ಎತ್ತಿಕಟ್ಟಿ ನೀರಲ್ಲಿ ನಿಂತು ನೋಡಿದಳು, ಅಷ್ಟೆ. ನಮಗೆ ಅಂದು ಹುರುಳಿ ಸಾರು.