ಹುಳದ ಮನೆಗೆ ಬಂದ ಮೀಸೆಮೀನು

ನಾನು ಮದುವೆಯಾಗಿ ಮಾಸ್ತಿ ಕಡೆಯ ಹಳ್ಳಿಗೆ ಬಂದಾಗ ಪಾತ್ರೆ ಪಡಗಗಳ ಜೊತೆ ಒಂದು ಪುಟ್ಟ ಗಾಜಿನ ತೊಟ್ಟಿಯೂ ಬಂತು. ಎಂಬತ್ತರ ದಶಕದ ಆರಂಭ. ತೊಟ್ಟಿಯಲ್ಲಿ ಐದು ಮೀಸೆಮೀನು, ಒಂದೊಂದೂ ಹೆಬ್ಬೆರಳಿನಷ್ಟು. ನನ್ನಣ್ಣ ಬೆಂಗಳೂರಿನಿಂದ ತಂದುಕೊಟ್ಟಿದ್ದು. ಮುಳಬಾಗಿಲಿನ ತವರಿನಲ್ಲಿ ವರ್ಷಗಟ್ಟಲೆ ಸಾಕಿದ್ದೆ. ಅಲ್ಲಿಯ ಗಡಸು ನೀರಿಗೋ ಏನೋ ಒಮ್ಮೆಯೂ ಮೊಟ್ಟೆ ಇಟ್ಟಿರಲಿಲ್ಲ. ಇವುಗಳ ಮರಿ ನೋಡಿಯೇ ತೀರಬೇಕೆಂಬ ಹಟ ನನಗೆ. ಹಟದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಅತ್ತೆ ಮೀಸೆ ನೋಡಿದವರೇ, "ಇದು ಕೆರೆ ಜೆಲ್ಲೆ ಮರಿ ಕಣಮ್ಮ. ಮೊಳದುದ್ದ ಬೆಳೀತದೆ" ಎಂದರು.

"ಜೆಲ್ಲೆ ಮೈ ನುಣ್ಣಗಿರುತ್ತೆ ಅತ್ತೆ. ಇದಕ್ಕೆ ನೋಡಿ, ಪಕ್ಕದಲ್ಲಿ ಹೆಂಚು ಹೊದಿಸಿದ ಹಾಗೆ ಎರಡು ಸಾಲು ಚಿಪ್ಪು. ಇದು ಇಷ್ಟೇ ಇರೋದು."

ಅತ್ತೆ ಬಗ್ಗಿ ನೋಡಿದರು. "ಯಾವುದಾದ್ರೂ ಮೀನು ಮೀನೇ. ವಾಸನೆ ಹುಳದ ಮನೆಗೆ ಬರಬಾರ್ದು ಅಷ್ಟೆ. ಒಂದು ತಟ್ಟೆ ಕೆಟ್ರೂ ಇವನ್ನ ಬಾವಿಗೆ ಬಿಡಿಸ್ತೀನಿ."

ರೇಷ್ಮೆಹುಳು ಸಾಕುವ ಮನೆ ಅದು, ಬಿದಿರು ತಟ್ಟೆಗಳ ತುಂಬ ಹುಳು. ಹುಳು ಮೇಯುವಷ್ಟು ದಿನ ಬೀಡಿ ಇಲ್ಲ, ಘಾಟಿನ ಒಗ್ಗರಣೆ ಇಲ್ಲ, ಮುಡಿಗೆ ಮಲ್ಲಿಗೆಯೂ ಇಲ್ಲ. ಕರಾರಿಗೆ ಒಪ್ಪಿದೆ. ಒಪ್ಪದೆ ಏನು ಮಾಡಲಿ, ನಾನಿನ್ನೂ ಹೊಸ ಸೊಸೆ.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಹೊಟ್ಟೆಬಾಕರಂತೆ ತಿನ್ನುತ್ತಿದ್ದಾಗ ಮಳೆ ಹಿಡಿಯಿತು. ನನಗೆ ಖುಷಿಯೋ ಖುಷಿ. ಅಂಗಳದಲ್ಲಿ ಹಂಡೆ ಇಟ್ಟು ಹಿಡಿದ ತಣ್ಣನೆಯ, ಗಡಸಿಲ್ಲದ ಮಳೆನೀರನ್ನು ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಹೊಟ್ಟೆ ಉಬ್ಬಿದ್ದ ಹೆಣ್ಣಿನ ಹಿಂದೆ ಗಂಡುಗಳು ಸುತ್ತತೊಡಗಿದವು. ಅತ್ತ ನನ್ನ ಗಂಡ, ಹಿಪ್ಪುನೇರಳೆ ಸೊಪ್ಪು ಆರುವವರೆಗೆ ಕಾಯುವ ವ್ಯವಧಾನವಿಲ್ಲದೆ, ಹೊರೆಯನ್ನು ಎರಡು ಸಲ ಕೊಡವಿ ಹಾಗೇ ತಟ್ಟೆಗೆ ಹಾಕುತ್ತಿದ್ದರು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ಸಪ್ಪೆ ರೋಗ ಬರುತ್ತದೆಂದು ಅತ್ತೆ ನನಗೇ ಹೇಳಿಕೊಟ್ಟಿದ್ದರು. ಹೆತ್ತ ಮಗನಿಗೆ ಗೊತ್ತಿರಲಿಲ್ಲವೆ?

"ಒದ್ದೆ ಇದೆಯಲ್ಲ?" ಎಂದೆ.

"ನಿನ್ನ ಮೀನು ನೀನು ನೋಡ್ಕೊ" ಎಂದರು.

ಮಳೆ ಬಿಡದ ಒಂದು ಬೆಳಗ್ಗೆ ಹೆಣ್ಣು ಮೊಟ್ಟೆ ಇಡತೊಡಗಿತು. ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆ ಮಾಡಿ, ಅದರಲ್ಲಿ ಒಂದೆರಡು ಮೊಟ್ಟೆ ಹಿಡಿದು ತಂದು ಗಾಜಿಗೆ ಅಂಟಿಸುತ್ತಿತ್ತು. ಸಾಸಿವೆ ಗಾತ್ರದವು. ಅದು ಅತ್ತ ತಿರುಗಿದರೆ ಸಾಕು, ಇತ್ತ ಉಳಿದವು ಬಂದು ಆ ಮೊಟ್ಟೆಗಳನ್ನೇ ತಿನ್ನುತ್ತಿದ್ದವು. ಚಮಚ ಹಿಡಿದು ಅವನ್ನು ಓಡಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಹುಳದ ಮನೆಯಿಂದ ನಮ್ಮಿಬ್ಬರನ್ನೂ ಕೂಗಿದರು.

ಒಂದು ತಟ್ಟೆಯ ಹುಳು ಸೊಪ್ಪು ಮುಟ್ಟದೆ ಮೆತ್ತಗೆ ಬಿದ್ದುಕೊಂಡಿದ್ದವು.

"ಹೆಂಗಾಯ್ತು ಇದು?" ಎಂದರು ಅತ್ತೆ. ಹುಳವನ್ನಲ್ಲ, ನಮ್ಮ ಮುಖ ನೋಡುತ್ತ ಕೇಳಿದರು.

ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಮೀನು ಉಳಿಯುತ್ತವೆ. ಆದರೆ ತಾಯಿಯ ಮುಂದೆ ಗಂಡನ ಮೇಲೆ ಚಾಡಿ ಹೇಳಿದವಳಾಗುತ್ತೇನೆ. ತಪ್ಪು ಮಾಡಿದವರೇ ಹೇಳಲಿ ಎಂದು ಕಾದೆ. ಅವರು ಗೋಡೆ ನೋಡುತ್ತಿದ್ದರು. ಅತ್ತೆಯೂ ನಿಂತೇ ಇದ್ದರು. ಉಳಿದ ತಟ್ಟೆಗಳ ಹುಳು ಸೊಪ್ಪು ಕತ್ತರಿಸುತ್ತಲೇ ಇದ್ದವು.

"ಮೀನಿನ ವಾಸನೆಗೇ ಇರಬೇಕಮ್ಮ" ಎಂದರು ನನ್ನ ಗಂಡ.

ಅತ್ತೆ ಮಗನ ಕಡೆ ತಿರುಗಿದರು. "ಹಂಗಾದ್ರೆ ನೀನೇ ಹೋಗಿ ಬಾವಿಗೆ ಬಿಟ್ಟು ಬಾ."

ಬಕೆಟ್ಟಿನಲ್ಲಿ ಐದೂ ಮೀನು ಹೋದವು. ಆ ಗಳಿಗೆಯಲ್ಲಿ ನನಗೆ ಆ ಮನುಷ್ಯನ ಮುಖ ಕಂಡರಾಗಲಿಲ್ಲ. ತೊಟ್ಟಿ ತೊಳೆಯುತ್ತೇನೆಂದು ಸುಳ್ಳು ಹೇಳಿ, ಅರ್ಧ ನೀರು ಚೆಲ್ಲಿ, ಅದನ್ನು ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿಟ್ಟೆ. ಗಾಜಿಗಂಟಿದ ಮೊಟ್ಟೆ ಅದರಲ್ಲೇ ಇದ್ದವು. ತಿನ್ನುವ ಅಪ್ಪ ಅಮ್ಮ ಈಗ ಇರಲಿಲ್ಲ. ಬೆಳ್ಳಗೆ ಬೂಸಲು ಹಿಡಿದವನ್ನು ಪೊರಕೆ ಕಡ್ಡಿಯಲ್ಲಿ ತೆಗೆದು ಬಿಸಾಕುತ್ತಿದ್ದೆ, ಇಲ್ಲವಾದರೆ ಪಕ್ಕದವಕ್ಕೂ ಹತ್ತುತ್ತದೆ. ಬಾಗಿಲು ಕಿರ್ರೆಂದರೆ ತೊಟ್ಟಿಯ ಮೇಲೆ ಗೋಣಿ ಎಳೆಯುತ್ತಿದ್ದೆ. ಅತ್ತೆ ಕಂಡರೆ ಇವಕ್ಕೂ ಬಾವಿಯೇ ಗತಿ.

ಮೊಟ್ಟೆಯೊಡೆದು ಮರಿ ಬಂದ ದಿನವೇ ಅತ್ತೆ ಒಲೆಗೆ ಪುಳ್ಳೆ ಆರಿಸಲು ಅಲ್ಲಿಗೆ ಬಂದರು. ಮುಚ್ಚಿಡಲು ಸಮಯವಿರಲಿಲ್ಲ. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಳದಲ್ಲಿ ಬಾಲ ಆಡಿಸುವ ಚೂರುಗಳನ್ನು ಅವರು ಬಗ್ಗಿ ನೋಡಿದರು.

"ಸೊಪ್ಪು ಒದ್ದೆ ಇತ್ತು. ನಂಗೆ ಗೊತ್ತಿತ್ತು" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಯಾಕತ್ತೆ ಬಾವಿಗೆ ಬಿಡಿಸಿದ್ರಿ?"

"ಅವನು ಬಾಯಿಬಿಟ್ಟು ಹೇಳ್ಲಿ ಅಂತ ನಿಂತಿದ್ದೆ. ಹೇಳ್ದ. ಏನು ಹೇಳ್ದ ಅಂತ ನೀನೂ ಕೇಳಿದ್ಯಲ್ಲ. ಆ ಸುಳ್ಳನ್ನ ಅವನೇ ಹೊತ್ಕೊಂಡು ಹೋಗ್ಲಿ ಅಂತ ಕಳ್ಸಿದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಬಾವೀಲಿ ಮೀನು ಹೆಂಗೋ ಬದುಕ್ತವೆ ಅಂದ್ಕೊಂಡೆ. ಇಲ್ಲಿ ಥಂಡಿ ಕಣಮ್ಮ, ಇವು ಉಳಿಯಲ್ಲ. ಆ ಕಡೆ ಹಿಡ್ಕೊ."

ಇಬ್ಬರೂ ಸೇರಿ ಎತ್ತಿದೆವು. ಅತ್ತೆ ನಡೆದದ್ದು ನೇರ ಹುಳದ ಮನೆಗೆ. ಹಣ್ಣಾಗಿ ಗೂಡು ಕಟ್ಟಲು ಇನ್ನೇನು ಸ್ವಲ್ಪವೇ ದಿನ ಉಳಿದಿದ್ದ ಹುಳುಗಳ ತಟ್ಟೆಗಳ ಕೆಳಗೆ, ಕಾವಿರುವ ಮೂಲೆಯಲ್ಲಿ ತೊಟ್ಟಿ ಇಳಿಸಿದೆವು. ನನ್ನ ಗಂಡ ಸೊಪ್ಪಿನ ಹೊರೆ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ವಾಸನೆ ಬರ್ತದೇನ್ಲಾ?" ಎಂದು ಅತ್ತೆ ಕೇಳಿದರು.

ನನ್ನ ಗಂಡ ಹೊರೆಯಿಂದ ಒಂದು ಎಲೆ ತೆಗೆದು, ಹೆಗಲ ಮೇಲಿನ ಟವೆಲಿನಲ್ಲಿ ಎರಡೂ ಬದಿ ಒರೆಸಿ, ತಟ್ಟೆಗೆ ಹಾಕಿದರು. ಆಮೇಲೆ ಇನ್ನೊಂದು ತೆಗೆದುಕೊಂಡರು.