ಶುಂಠಿ ಮಡಿಯಲ್ಲಿ ಸುಗಂಧಿ

ಶುಂಠಿಯಿಲ್ಲದ ಕಷಾಯವಿಲ್ಲ ಅಂತಾರೆ. ಅರಕೆರೆಯ ಶಿವಲಿಂಗಯ್ಯನ ಮನೆಯಲ್ಲಿ ಅವನ ಹೆಂಡತಿ ಕುಳ್ಳಮ್ಮನಿಲ್ಲದ ಕೆಲಸವೂ ಇರಲಿಲ್ಲ. ಕರೆಯುವ ಹಸು, ನಾಟಿಯ ಗದ್ದೆ, ಬಚ್ಚಲೊಲೆ, ಹಿತ್ತಲಿನ ಶುಂಠಿ ಮಡಿ, ಎಲ್ಲಕ್ಕೂ ಅವಳ ಬೆನ್ನೇ ಬೇಕು. ಗಂಡ ಕೆಟ್ಟವನಲ್ಲ. ಹೆಂಡತಿಗೂ ಸುಸ್ತಾಗುತ್ತದೆ ಅನ್ನುವುದು ಮಾತ್ರ ಆ ಪುಣ್ಯಾತ್ಮನಿಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ತನ್ನದು ಅಂತ ಅವಳಿಗಿದ್ದದ್ದು ಒಂದು ಸುಗಂಧಿ ಗಿಡ. ಹೊಣಕೆರೆಯ ತವರಿಂದ ಗಡ್ಡೆ ತಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟಿದ್ದಳು. ಶುಂಠಿಯ ಜಾತಿಯೇ, ಗಡ್ಡೆಯೂ ಹಾಗೇ, ಎಲೆಯೂ ಹೆಚ್ಚುಕಡಿಮೆ ಹಾಗೇ. ಆದರೆ ಸಾರಿಗೆ ಬಾರದು, ಬರೀ ಬಿಳೀ ಹೂವು, ಘಮ. ತೊಂಬತ್ತಾರರ ಬೇಸಿಗೆಯಲ್ಲಿ ಶಿವಲಿಂಗಯ್ಯ ಅಲ್ಲಿ ಚಪ್ಪಡಿ ಹಾಸಲು ಹೋಗಿ ಅದನ್ನು ಅಗೆದು ತಿಪ್ಪೆಗೆಸೆದ. ಒಂದು ಮಾತು ಕೇಳಲಿಲ್ಲ. ಕುಳ್ಳಮ್ಮನೂ ಜಗಳವಾಡಲಿಲ್ಲ, ಜಗಳಕ್ಕೂ ತ್ರಾಣ ಬೇಕಲ್ಲ. ಗಡ್ಡೆಗಳನ್ನು ಆಯ್ದು ತಂದಳು. ಬೇರೆ ಗುಂಡಿ ತೋಡಲು ಸೊಂಟ ಒಪ್ಪಲಿಲ್ಲ. ಬಿತ್ತನೆ ಶುಂಠಿ ಊರುವಾಗ ಅದೇ ಮಡಿಯ ಕೊನೆಗೆ ಅವನ್ನೂ ಊರಿಬಿಟ್ಟಳು.

ಮಳೆಗಾಲದಲ್ಲಿ ಆ ಕೊನೆ ಎದೆಮಟ್ಟ ಬೆಳೆಯಿತು. ತನ್ನ ಶುಂಠಿಯೇ ಹೀಗೆ ಬಂದಿದೆಯೆಂದು ಶಿವಲಿಂಗಯ್ಯ ಹಿಗ್ಗಿ ಹೀರೇಕಾಯಿಯಾದ. ಇದ್ದ ಕುರಿಗೊಬ್ಬರವನ್ನೆಲ್ಲ ಅಲ್ಲಿಗೇ ಸುರಿದ. ಪಕ್ಕದ ಮನೆಯ ಚಲುವಯ್ಯನನ್ನು ಕರೆತಂದು ತೋರಿಸಿದ. ಕುಳ್ಳಮ್ಮ ಬಾಯಿ ಬಿಡಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಗಿಡ ಹೂ ಬಿಟ್ಟಿತು.

“ಇದು ಸುಂಟಿ ಅಲ್ಲ ಕಣ್ಲಾ, ಸುಗಂಧಿ. ಹೂವ್ನ ಗಿಡಕ್ಕೆ ಗೊಬ್ರ ಸುರ್ದಿದ್ದೀಯ,” ಎಂದು ಚಲುವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವಲಿಂಗಯ್ಯನಿಗೆ ಮೈ ಉರಿದುಹೋಯಿತು. ಗುದ್ದಲಿ ತಂದ.

ಕೊಟ್ಟಿಗೆ ಬಳಿಯುತ್ತಿದ್ದ ಕುಳ್ಳಮ್ಮ ಸಗಣಿ ಕೈಯಲ್ಲೇ ಬಂದು ಗಿಡದ ಬುಡದಲ್ಲಿ ಕೂತುಬಿಟ್ಟಳು.

“ಏಳಮ್ಮಿ. ಅಡ್ಡ ಕೂತ್ಕಂಡ್ರೆ ಅಗಿಯೋದೆಂಗೆ?”

“ಏಳಾಕಾಯ್ತಿಲ್ಲ. ಸಾಕಾಗೈತೆ ನಂಗೆ,” ಎಂದಳು, ದನಿ ಏರಿಸದೆ. “ಇದ್ನೂ ಕಿತ್ತಾಕ್ಬುಟ್ರೆ ನಂದು ಅಂತ ಈ ಮನೇಲಿ ಏನೈತೆ?”

ಅವಳು ಗೊಣಗಿದ್ದನ್ನು ಅವನು ಬೇಕಾದಷ್ಟು ಕೇಳಿದ್ದ. ಆಗುವುದಿಲ್ಲ ಅಂದದ್ದನ್ನು ಕೇಳಿರಲಿಲ್ಲ. ಚಲುವಯ್ಯ ಮೆಲ್ಲಗೆ ಜಾಗ ಖಾಲಿ ಮಾಡಿದ. ಶಿವಲಿಂಗಯ್ಯ ಗುದ್ದಲಿಯನ್ನು ಗೋಡೆಗೆ ಒರಗಿಸಿ ಹಸು ಕರೆಯಲು ಹೋದ.

ಸಂಜೆ ಹಿಟ್ಟು ತಿರುವಿ ಮುದ್ದೆ ಕಟ್ಟಿದವನೂ ಅವನೇ. ಕೂತಲ್ಲಿಗೇ ತಟ್ಟೆ ತಂದಿಟ್ಟ. ಬಾಣಂತನ ಮುಗಿಸಿ ತವರಿಂದ ಬಂದ ಮೇಲೆ ಅವಳಿಗೆ ಕೂತಲ್ಲಿ ಊಟ ಸಿಕ್ಕಿದ್ದು ಇದೇ ಮೊದಲು.

“ಎಂಗದೆ?” ಎಂದ.

“ಬರೀ ಗಂಟು,” ಎಂದಳು ಕುಳ್ಳಮ್ಮ. ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡಳು.