ಬೂಮಿನ ಕೆಳಗೆ ಕಂಡ ಬೆಸುಗೆ

ನನ್ನ ಅಕ್ಕನ ಗಂಡ ಅಬುಧಾಬಿಯ ಹೊಲಿಗೆ ಅಂಗಡಿಯನ್ನು ಬಿಟ್ಟು ತಾಂಜಾನಿಯಾದಲ್ಲಿ ಚಿನ್ನ ಅಗೆಯಲು ಹೊರಟಾಗ, ಒಂದೇ ಹಳೆಯ ಎಕ್ಸ್‌ಕವೇಟರನ್ನು ನೋಡಲು ನಾವಿಬ್ಬರೂ ಮೂರು ಸಲ ದುಬೈಗೆ ಹೋದೆವು. ಭಾವ ನಾಲ್ಕು ಸಲ ಎನ್ನುತ್ತಾರೆ. ಒಮ್ಮೆ ಹಳೆಯ ಯಂತ್ರ ಮಾರುವ ಯಾರ್ಡಿನ ಗೇಟಿನವರೆಗೆ ಹೋಗಿ, ಬೀಗ ಕಂಡು ಹಿಂತಿರುಗಿದೆವಂತೆ. ಅಂಥದ್ದೊಂದು ಪ್ರಯಾಣ ನನಗೆ ನೆನಪೇ ಇಲ್ಲ. ಮುಂದೆ ನಾನು ಬರೆಯುವುದನ್ನೆಲ್ಲ ಓದುವಾಗ ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಭಾವನ ಅಂಗಡಿ ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿತ್ತು. ಹೋಟೆಲು, ಆಸ್ಪತ್ರೆಗಳವರ ಯೂನಿಫಾರ್ಮ್ ಹೊಲಿಯುತ್ತಿದ್ದರು. ಅಲ್ಲಿಗೆ ಬಟ್ಟೆ ಕೊಳ್ಳಲು ಬರುತ್ತಿದ್ದ ತಾಂಜಾನಿಯಾದವನೊಬ್ಬ ತನ್ನ ಜಿಲ್ಲೆಯಲ್ಲಿ ಸಣ್ಣ ಪ್ರಮಾಣದ ಗಣಿಗೆ ಪರವಾನಗಿ ಪಡೆದಿದ್ದ. ಜಾಗ ಅವನದು, ಅಗೆಯುವ ಯಂತ್ರ ಭಾವನದು ಎಂದು ಒಪ್ಪಂದವಾಯಿತು. ಅಂದರೆ ಯಂತ್ರ ಓಡುವವರೆಗೆ ಭಾವ ಪಾಲುದಾರ, ಅದು ನಿಂತ ದಿನ ಬರೀ ಅತಿಥಿ. ಇತ್ತ ಅಂಗಡಿಯ ಕೀಲಿಯನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದವನು. ಈಗ ಒಂದು ಲ್ಯಾಬಿನಲ್ಲಿ ಕಾಂಕ್ರೀಟಿನ ತುಂಡುಗಳನ್ನು ಒತ್ತಿ, ಅವು ಎಷ್ಟಕ್ಕೆ ಒಡೆದವು ಎಂದು ಬರೆಯುತ್ತೇನೆ. ಆ ನೆಲದಲ್ಲಿ ಚಿನ್ನ ಇದೆಯೆಂಬುದಕ್ಕೆ ಯಾವ ಪರೀಕ್ಷೆಯ ವರದಿ ಇದೆ ಎಂದು ಒಮ್ಮೆ ಕೇಳಿದ್ದೆ. ಭಾವ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಫೋನ್ ಮಾಡಿ, "ಅದು ನನಗೆ ಬಿಡು. ನೀನು ಮೆಷೀನು ಮಾತ್ರ ನೋಡು. ಓದಿದವ ಅಲ್ವಾ?" ಎಂದರು. ಕಲ್ಲಿನ ಬಗ್ಗೆ ಓದಿದವನಿಗೆ ಎಂಜಿನ್ನಿನ ಬಗ್ಗೆ ಏನು ಗೊತ್ತಿರುತ್ತದೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಹೇಳಲಿಲ್ಲ. ಎರಡು ವಾರ ಕೂತು ಓದಿದೆ, ಲ್ಯಾಬಿನ ಮೆಕ್ಯಾನಿಕ್ಕನ ತಲೆ ತಿಂದೆ, ಪುಟಗಟ್ಟಲೆ ಪಟ್ಟಿ ಮಾಡಿದೆ.

ಹುಡುಕುತ್ತಿದ್ದದ್ದು ಇಪ್ಪತ್ತು ಟನ್ನಿನ, ಕಂಪ್ಯೂಟರ್ ಇಲ್ಲದ ಹಳೆಯ ಮಾಡೆಲ್ಲು. ಹೊಸ ಯಂತ್ರ ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದು ಬರುವ ಮೆಕ್ಯಾನಿಕ್ ಬೇಕು. ಆ ಜಿಲ್ಲೆಯಲ್ಲಿ ಅಂಥವರು ಸಿಗುವುದಿಲ್ಲ. ಹಳೆಯದಾದರೆ ಸ್ಪ್ಯಾನರ್ ಹಿಡಿದವನೂ ರಿಪೇರಿ ಮಾಡುತ್ತಾನೆ. ಆದರೆ ಹಳೆಯದರಲ್ಲಿ ಎಷ್ಟು ದುಡಿತ ಕಳೆದಿದೆ, ಎಷ್ಟು ಉಳಿದಿದೆ ಎಂದು ತಿಳಿಯುವುದು ಕಷ್ಟ. ಓಡಿದ ಗಂಟೆ ತೋರಿಸುವ ಮೀಟರನ್ನು ಯಾರು ಬೇಕಾದರೂ ಬದಲಿಸಬಹುದು. ಹಾಗಾಗಿ ತಣ್ಣಗಿನ ಎಂಜಿನ್ನನ್ನು ನಮ್ಮೆದುರೇ ಸ್ಟಾರ್ಟ್ ಮಾಡಿಸಬೇಕು. ಆಗ ಬರುವ ಹೊಗೆ ಮತ್ತು ಸದ್ದು ಸುಳ್ಳು ಹೇಳುವುದಿಲ್ಲ. ಬಿಸಿಯಾದ ಎಂಜಿನ್ನು ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ.

ಮೊದಲ ಸಲ ಹೋದದ್ದು ಆಗಸ್ಟಿನ ಮಧ್ಯಾಹ್ನ. ನಾವು ಕಾರಿನಿಂದ ಇಳಿಯುವಾಗಲೇ ಎಂಜಿನ್ನು ಗುರುಗುಡುತ್ತಿತ್ತು.

"ಇದು ಯಾಕೆ ಸ್ಟಾರ್ಟ್ ಆಗಿದೆ?" ಎಂದು ಕೇಳಿದೆ.

ಯಾರ್ಡಿನಲ್ಲಿ ವ್ಯಾಪಾರ ನೋಡಿಕೊಳ್ಳುತ್ತಿದ್ದವರು ನಮ್ಮ ಕಡೆಯವರೇ, ಪುತ್ತೂರಿನ ಆಚೆಯವರು. ಮನೆಯವರೊಡನೆ ಬ್ಯಾರಿ, ನಮ್ಮೊಡನೆ ಕನ್ನಡ, ಕೆಲಸಗಾರರ ಮೇಲೆ ರೇಗುವಾಗ ಹಿಂದಿ. ಅವರು ನಗುತ್ತ, "ನೀವು ಬರ್ತೀರಿ ಅಂತ ಅಣ್ಣ ಬೆಳಿಗ್ಗೆಯೇ ಫೋನ್ ಮಾಡಿದ್ರು ಸಾರ್. ಈ ಸೆಕೆಯಲ್ಲಿ ನಿಮ್ಮನ್ನು ಕಾಯಿಸುವುದಾ? ರೆಡಿ ಮಾಡಿ ಇಟ್ಟೆ" ಎಂದರು.

ನಾನು ಭಾವನ ಮುಖ ನೋಡಿದೆ. ಹೆಮ್ಮೆಯಿಂದ ನಿಂತಿದ್ದರು. ಹೇಳದೆ ಕೇಳದೆ ಇನ್ನೊಬ್ಬರ ಜಾಗಕ್ಕೆ ಹೋಗುವುದು ಅವರ ಪ್ರಕಾರ ಮರ್ಯಾದೆಯಲ್ಲ.

ಆಗಲೇ ನಾನು ಯಂತ್ರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಿದ್ದು. ಅದಕ್ಕೆ ಮೊಣಕೈಯ ಹಾಗೆ ಮಡಚುವ ಉದ್ದನೆಯ ಕೈ ಇರುತ್ತದಲ್ಲ, ಅದರ ಬುಡದ ದೊಡ್ಡ ಭಾಗಕ್ಕೆ ಬೂಮ್ ಎನ್ನುತ್ತಾರೆ. ಅದರ ಅಡಿಯಲ್ಲಿ, ಅಡ್ಡಕ್ಕೆ, ಬೆರಳಿನಷ್ಟು ದಪ್ಪದ ಒಂದು ಬೆಸುಗೆಯ ಗೆರೆ ಕಂಡಿತು. ಫ್ಯಾಕ್ಟರಿಯ ಬೆಸುಗೆ ಹೊಲಿಗೆಯಂತೆ ಸಮನಾಗಿ, ಅಂಚಿನುದ್ದಕ್ಕೂ ಹೋಗುತ್ತದೆ. ಇದು ಏರುಪೇರಾಗಿತ್ತು. ಅಡ್ಡಕ್ಕೆ ಬೆಸುಗೆ ಇದೆ ಎಂದರೆ ಹಿಂದೊಮ್ಮೆ ಬಿರುಕು ಬಿಟ್ಟಿತ್ತು ಎಂದರ್ಥ. ಗಟ್ಟಿ ಕಲ್ಲಿನಲ್ಲಿ ದುಡಿಸಿದರೆ ಮತ್ತೆ ಬಿಡುತ್ತದೆ. ಫೋಟೋ ತೆಗೆಯಲು ಫೋನ್ ಹೊರಗೆ ತೆಗೆದೆ. ಬಿಸಿಲಿಗೆ ಅದು ಕಾದು, ತಣ್ಣಗಾಗುವವರೆಗೆ ಕ್ಯಾಮೆರಾ ತೆರೆಯುವುದಿಲ್ಲ ಎಂಬ ಸೂಚನೆ ತೋರಿಸಿತು. ಆಮೇಲೆ ತೆಗೆದರಾಯಿತು ಎಂದುಕೊಂಡೆ. ಆಮೇಲೆ ಎಸಿ ಕ್ಯಾಬಿನ್, ಸುಲೈಮಾನಿ ಚಹಾ, ಊರಿನ ಮಾತು. ಫೋಟೋ ಮರೆತೇಹೋಯಿತು.

ವಾಪಸು ಬರುವಾಗ ಕಾರಿನಲ್ಲಿ ಬೆಸುಗೆಯ ವಿಷಯ ಹೇಳಿದೆ.

"ಅಲ್ಲೇ ಯಾಕೆ ಹೇಳ್ಲಿಲ್ಲ ಭಾವ ನೀನು?" ಎಂದರು. ನಮ್ಮ ಕಡೆಯ ರೂಢಿಯಂತೆ ಅವರೂ ನನ್ನನ್ನು ಭಾವ ಎಂದೇ ಕರೆಯುವುದು.

"ಅಲ್ಲಿ ಹೇಳಿದ್ರೆ ನೀವು ನನ್ನ ಪರವಾಗಿ ಅವರತ್ರ ಕ್ಷಮೆ ಕೇಳ್ತಿದ್ರಿ."

ಮರುದಿನವೇ ಭಾವ ಯಾರ್ಡಿಗೆ ಫೋನ್ ಮಾಡಿ, ತಮ್ಮ ಭಾವನಿಗೆ ಬೂಮಿನ ಅಡಿಯಲ್ಲಿ ಒಂದು ಸಂಶಯ ಇದೆ, ಇನ್ನೊಮ್ಮೆ ಬಂದು ನೋಡುತ್ತಾರೆ, ತಪ್ಪು ತಿಳಿಯಬೇಡಿ ಎಂದರಂತೆ. ಎರಡನೆಯ ಸಲ ಹೋಗುವ ದಾರಿಯಲ್ಲಿ ಇದನ್ನು ನನಗೆ ಹೇಳಿದರು, ಬಹಳ ನಾಜೂಕಾದ ಕೆಲಸವೊಂದನ್ನು ಮುಗಿಸಿದವರ ಹಾಗೆ. ನನಗೆ ಸ್ಟೇರಿಂಗಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಬೂಮ್ ಅಂತಾನೇ ಹೇಳಿದ್ರಾ?"

"ಮತ್ತೆ? ಅವರಿಗೂ ತಯಾರಾಗ್ಲಿಕ್ಕೆ ಸಮಯ ಬೇಡ್ವಾ?"

ತಯಾರಾಗಿಯೇ ಇದ್ದರು. ಯಂತ್ರ ಬುಡದಿಂದ ತುದಿಯವರೆಗೆ ಹೊಸ ಹಳದಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಕೆಳಗೆ ತೂರಿ, ಬೆನ್ನು ನೆಲಕ್ಕೆ ತಾಗುವವರೆಗೆ ಬಗ್ಗಿ ನೋಡಿದೆ. ಗೆರೆಯಿಲ್ಲ. ಅಂಗೈಯಲ್ಲಿ ಸವರಿದೆ. ದಪ್ಪ ಬಣ್ಣದ ನುಣುಪು ಬಿಟ್ಟರೆ ಏನೂ ಸಿಗಲಿಲ್ಲ. ಬೆಸುಗೆಯನ್ನು ಉಜ್ಜಿ ಸಮ ಮಾಡಿ ಬಣ್ಣ ಬಳಿದರೆ ಕೈಗೂ ಸಿಗುವುದಿಲ್ಲ.

"ಬಣ್ಣ ಯಾಕೆ ಹೊಡೆದ್ರಿ?" ಎಂದು ಕೇಳಿದೆ.

"ಎಲ್ಲ ಮೆಷೀನಿಗೂ ಹೊಡೀತೇವೆ ಸಾರ್. ಕಸ್ಟಮರಿಗೆ ಹೊಸದು ಕಾಣಬೇಕು. ಯಾವ ಬದಿಯಲ್ಲಿ ಇತ್ತು ನಿಮ್ಮ ವೆಲ್ಡಿಂಗ್? ತೋರಿಸಿ."

ನಾನು ಕೈ ಎತ್ತಿದೆ. ಇಲ್ಲಿ ಎಂದು ಬೆರಳಿಡಲು ಆಗಲಿಲ್ಲ. ಬುಡಕ್ಕೆ ಹತ್ತಿರವೇ, ನಡುವೆಯೇ? ನಾನು ಬಲಬದಿಯಿಂದ ತೂರಿದ್ದೆನೇ, ಎಡಬದಿಯಿಂದಲೇ? ಆ ದಪ್ಪ, ಆ ಏರುಪೇರು ಕಣ್ಣಿಗೆ ಕಟ್ಟಿದ ಹಾಗಿತ್ತು, ಜಾಗ ಮಾತ್ರ ಇರಲಿಲ್ಲ.

"ಓ, ನಿಮಗೆ ಕನ್‌ಫ್ಯೂಸ್ ಆದದ್ದು ಸಾರ್," ಎಂದರು ಅವರು ಸಮಾಧಾನವಾಗಿ. "ಇದರ ಪಕ್ಕದಲ್ಲಿ ಇದರದ್ದೇ ಜೋಡಿ ಒಂದು ನಿಂತಿತ್ತಲ್ಲ, ಅದಕ್ಕೆ ವೆಲ್ಡಿಂಗ್ ಉಂಟು. ಅದು ಹೋದ ವಾರ ಹೋಯ್ತು."

ಪಕ್ಕದಲ್ಲಿ ಇನ್ನೊಂದು ನಿಂತಿತ್ತೇ? ಭಾವ ತಟ್ಟನೆ "ಹೌದು, ಇತ್ತು" ಎಂದರು. ಅವರಿಗೆ ನಿಜವಾಗಿ ನೆನಪಿತ್ತೋ, ಎದುರಿಗಿದ್ದವರಿಗೆ ಬೇಸರವಾಗಬಾರದೆಂದು ಹೇಳಿದರೋ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಅದುವರೆಗೆ ಖಾಲಿಯಿದ್ದ ಜಾಗದಲ್ಲಿ, ಅವರು ಹೇಳುತ್ತಿದ್ದಂತೆಯೇ, ಧೂಳು ಹಿಡಿದ ಇನ್ನೊಂದು ಯಂತ್ರ ಬಂದು ನಿಂತಿತು. ಈಗಲೂ ಅಲ್ಲಿಯೇ ಇದೆ. ಅದನ್ನು ನಾನು ಕಂಡೆನೋ, ಅವರ ಮಾತು ತಂದು ನಿಲ್ಲಿಸಿತೋ ಬೇರ್ಪಡಿಸಲಾರೆ.

ಆ ಶನಿವಾರ ಅಕ್ಕ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿಗೆ ಬಂದಳು. ಚಹಾ ಕೂಡ ಬೇಡವೆಂದಳು.

"ಸಣ್ಣದಿರುವಾಗ ಬಾಗಿಲು ಹಾಕಿದ್ದೇನಾ ಇಲ್ವಾ ಅಂತ ಅರ್ಧ ದಾರಿಯಿಂದ ವಾಪಸ್ ಬರ್ತಿದ್ದೆ ನೀನು. ಈಗ ಇದು."

"ಅದಕ್ಕೂ ಇದಕ್ಕೂ ಎಂತ ಸಂಬಂಧ ಅಕ್ಕ?"

"ನಾನು ಬೇಡ ಅಂದ್ರೆ ಅವರು ಕೇಳುವುದಿಲ್ಲ. ನೀನು ಬೇಡ ಅಂದ್ರೆ ಕೇಳ್ತಾರೆ, ಅಷ್ಟು ನಂಬಿಕೆ ಉಂಟು ನಿನ್ನ ಮೇಲೆ. ಹಾಗಾಗಿ ಸರಿಯಾಗಿ ಹೇಳು. ಆ ಮೆಷೀನು ಅಲ್ಲಿ ಮುರಿದು ಬಿದ್ರೆ ಇವರು ಎಲ್ಲಿಗೆ ಬರುವುದು? ಇಲ್ಲಿ ಅಂಗಡಿ ಇಲ್ಲ, ವೀಸಾ ಇಲ್ಲ. ತಗೊಳ್ಬಹುದಾ, ಬೇಡ್ವಾ?"

"ಇನ್ನೊಮ್ಮೆ ನೋಡಿ ಹೇಳ್ತೇನೆ" ಎಂದೆ. ಅವಳು ನನ್ನನ್ನೇ ದಿಟ್ಟಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮೂರನೆಯ ಸಲ ಬೆಳಕು ಹರಿಯುವಾಗ ಹೋದೆವು. ಭಾವನ ಫೋನು ನನ್ನ ಜೇಬಿನಲ್ಲಿತ್ತು. ಅದು ನನ್ನ ಶರತ್ತು. ದಾರಿಯುದ್ದಕ್ಕೂ ಅವರು, "ಕಳ್ಳರ ಹಾಗೆ ಹೋಗುವುದು", "ಅವರ ಮುಖ ನೋಡುವುದು ಹೇಗೆ" ಎಂದು ಕಿಟಕಿಯ ಕಡೆ ತಿರುಗಿ ಗೊಣಗುತ್ತಿದ್ದರು. ಯಾರ್ಡಿನ ಕಾವಲುಗಾರ ಫೋನ್ ಮಾಡಿದ ಮೇಲೆ ವ್ಯಾಪಾರದವರು ಹವಾಯಿ ಚಪ್ಪಲಿಯಲ್ಲೇ ಬಂದರು. ಸಿಟ್ಟಾಗಲಿಲ್ಲ.

"ಹೆಣ್ಣು ನೋಡ್ಲಿಕ್ಕೆ ಬಂದವರು ಕೂಡ ಮೂರು ಸಲ ಬರುವುದಿಲ್ಲ ಸಾರ್. ಅದೂ ಅವಳು ಮುಖ ತೊಳೆಯುವ ಮೊದಲು!"

ಭಾವ ನಕ್ಕರು. ನಗು ಅಗತ್ಯಕ್ಕಿಂತ ದೊಡ್ಡದಾಯಿತು.

ಕೊನೆಗೂ ಎಂಜಿನ್ನು ತಣ್ಣಗಿತ್ತು. ಆಪರೇಟರ್ ಸ್ಟಾರ್ಟ್ ಮಾಡಿದ. ಬಿಳಿ ಹೊಗೆ ಬಂತು; ಬೇಗ ತಿಳಿಯಾಗದಿದ್ದರೆ ಎಂಜಿನ್ನು ಸವೆದಿದೆ ಎಂದರ್ಥ. ಅದು ತಿಳಿಯಾಗಲು ಎಷ್ಟು ಹೊತ್ತು ಬೇಕು ಎಂದು ನಾನು ಒಂದೊಂದೇ ಎಣಿಸುತ್ತಿದ್ದೆ. ಅಷ್ಟರಲ್ಲಿ ನಮಗಾಗಿ ಬೇಗ ಎದ್ದು ಬರಬೇಕಾಯಿತಲ್ಲ ಎಂದು ಭಾವ ವ್ಯಾಪಾರದವರಲ್ಲಿ ಗಟ್ಟಿಯಾಗಿ ಕ್ಷಮೆ ಕೇಳತೊಡಗಿದರು. ಎಣಿಕೆ ತಪ್ಪಿತು. ನಾನು ನಲವತ್ತು ದಾಟಿತ್ತು ಎಂದೆ, ಭಾವ ಹತ್ತೂ ಆಗಿರಲಿಲ್ಲ ಎಂದರು.

ನಾನು ಬಣ್ಣ ಕೆರೆದು ನೋಡಬೇಕು ಎಂದೆ. ಭಾವ ನೆಲ ನೋಡಿದರು.

"ನೋಡುವ," ಎಂದರು ವ್ಯಾಪಾರದವರು. "ಆದರೆ ಎಲ್ಲಿ ಅಂತ ನೀವೇ ಹೇಳಬೇಕು ಸಾರ್. ಇಡೀ ಬೂಮ್ ಕೆರೆದ್ರೆ ನಾನು ಇದನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ?"

ಚಾಕ್ ಕೊಟ್ಟರು. ಬುಡದಿಂದ ಎರಡು ಗೇಣು ದೂರದಲ್ಲಿ ಒಂದು ಚೌಕ ಬರೆದೆ. ಕೆಲಸಗಾರ ಗ್ರೈಂಡರ್ ತಂದ. ಹಳದಿ ಪುಡಿ ಹಾರಿತು, ಕಿಡಿ ಹಾರಿತು, ಉಕ್ಕು ಬೆಳ್ಳಗೆ ಹೊಳೆಯಿತು. ಬೆಸುಗೆ ಇರಲಿಲ್ಲ. ಇನ್ನೊಂದು ಗೇಣು ಆಚೆ ಎರಡನೆಯ ಚೌಕ ಬರೆದೆ. ಅಲ್ಲಿಯೂ ಇರಲಿಲ್ಲ. ಮೂರನೆಯದಕ್ಕೆ ಚಾಕ್ ಎತ್ತಿದಾಗ ಭಾವ ನನ್ನ ಮಣಿಕಟ್ಟು ಹಿಡಿದರು.

"ಸಾಕು ಭಾವ. ನಮಗೂ ಸ್ವಲ್ಪ ಮರ್ಯಾದೆ ಉಂಟು."

"ಇನ್ನೊಂದೇ ಒಂದು."

"ಖಲಾಸ್. ನಾನು ತಗೊಳ್ತೇನೆ."

"ಪರವಾಗಿಲ್ಲ ಅಣ್ಣ," ಎಂದರು ವ್ಯಾಪಾರದವರು. "ಓದಿದವರಿಗೆ ಡೌಟ್ ಇರಬೇಕಾದ್ದೇ."

ಭಾವ ಅದನ್ನು ಕೊಂಡದ್ದು ಉಕ್ಕು ಗಟ್ಟಿಯಿದೆ ಎಂದಲ್ಲ. ಬಣ್ಣ ಕೆಡಿಸಿದ ಮೇಲೆ ಕೊಳ್ಳದೆ ಹೋಗುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ. ಹಾಗಾದರೆ, ಬಣ್ಣ ಕೆರೆಸಿದವನು ನಾನು. ಇದನ್ನು ತಡೆಯಲು ಮಾಡಿದ ಪರೀಕ್ಷೆಯೇ ಇದನ್ನು ಅವರ ತಲೆಗೆ ಕಟ್ಟಿತು. ಆಗಲೂ ನಾನು ಬೇಡ ಎನ್ನಬಹುದಿತ್ತು. ಅಕ್ಕ ಹೇಳಿದ್ದಳಲ್ಲ, ನಾನು ಬೇಡ ಅಂದರೆ ಕೇಳುತ್ತಿದ್ದರು. ಆದರೆ ಬೇಡ ಎನ್ನಲು ನನ್ನಲ್ಲಿದ್ದದ್ದು ಒಂದು ನೆನಪು ಮಾತ್ರ. ಅದನ್ನು ನನ್ನ ಕಣ್ಣೆದುರೇ ಎರಡು ಕಡೆ ಕೆರೆದು ನೋಡಿಯಾಗಿತ್ತು. ಲ್ಯಾಬಿನಲ್ಲಿ ಇಂಥ ಸಾಕ್ಷ್ಯ ತಂದವರನ್ನು ನಾನೇ ವಾಪಸು ಕಳುಹಿಸುತ್ತೇನೆ. ಕ್ಯಾಬಿನ್ನಿನಲ್ಲಿ ಕೂತು ಸುಲೈಮಾನಿ ಕುಡಿದೆ. ಸಂಜೆ ಅಕ್ಕ ಫೋನಿನಲ್ಲಿ ಕೇಳಿದಾಗ, "ಎರಡು ಕಡೆ ನೋಡಿದೆವು, ಏನೂ ಇಲ್ಲ" ಎಂದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಅವಳು ಅಷ್ಟಕ್ಕೇ ಸಮಾಧಾನಪಟ್ಟದ್ದು ನನ್ನನ್ನು ಇನ್ನಷ್ಟು ಕುಟುಕಿತು.

ಯಂತ್ರ ಹಡಗು ಹತ್ತುವ ಮೊದಲು ಭಾವನಿಂದ ಒಂದು ಮಾತು ತೆಗೆದುಕೊಂಡೆ. ಪ್ರತಿದಿನ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲು, ಬೂಮಿನ ಅಡಿಯನ್ನು ಒರೆಸಿ ಫೋಟೋ ತೆಗೆದು ನನಗೆ ಕಳುಹಿಸಬೇಕು. ಬಿರುಕು ಕೂದಲೆಳೆಯಷ್ಟಿರುವಾಗ ಕಂಡರೆ ಬೆಸೆದು ಉಳಿಸಿಕೊಳ್ಳಬಹುದು. ತಡವಾದರೆ ಬೂಮ್ ಮುರಿದು ಕೆಳಗಿರುವವರ ಮೇಲೆ ಬೀಳಬಹುದು. "ಆಯ್ತು ಮಾರಾಯ" ಎಂದರು. ನನ್ನನ್ನು ಸುಮ್ಮನಾಗಿಸಲು ಹೇಳಿದ್ದೆಂದು ಅಂದುಕೊಂಡೆ. ಆದರೆ ಕಳುಹಿಸುತ್ತಾರೆ. ಹೇಳಿದ ಮಾತು ತಪ್ಪುವವರಲ್ಲ. ಪ್ರತಿದಿನ, ನಾನು ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಒಂದು ಫೋಟೋ ಬಂದಿರುತ್ತದೆ.

ಆ ಫೋಟೋಗಳಲ್ಲಿ ಪ್ರತಿದಿನವೂ ಇರುವುದು ನಾನು ಚಾಕಿನಲ್ಲಿ ಬರೆದ ಅದೇ ಎರಡು ಚೌಕ. ಸುತ್ತಲಿನ ಹಳದಿಯ ನಡುವೆ ತುಕ್ಕು ಹಿಡಿದು ಕೆಂಪಗಾಗಿವೆ. ಅವನ್ನು ಶ್ರದ್ಧೆಯಿಂದ ಒರೆಸಿರುತ್ತಾರೆ. ಇಡೀ ಬೂಮಿನಲ್ಲಿ ಏನೂ ಇಲ್ಲವೆಂದು ಖಚಿತವಾಗಿ ಗೊತ್ತಿರುವುದು ಅವೆರಡು ಜಾಗದಲ್ಲಿ ಮಾತ್ರ.

ಮೊನ್ನೆ ತಾಳ್ಮೆ ಕೆಟ್ಟು, "ಅಲ್ಲಿ ಅಲ್ಲ ಭಾವ, ಅದರ ಆಚೆ ತೆಗೆಯಿರಿ" ಎಂದು ಬರೆದೆ.

"ಆಚೆ ಅಂದ್ರೆ ಎಲ್ಲಿ? ಸರಿಯಾಗಿ ಹೇಳು" ಎಂದು ಉತ್ತರ ಬಂತು.

ಬರೆದೆ, ಅಳಿಸಿದೆ. ಮತ್ತೆ ಬರೆದೆ: ಬುಡದಿಂದ ತುದಿಯವರೆಗೆ, ಎರಡೂ ಬದಿ, ಪೂರ್ತಿ ಮಣ್ಣು ತೊಳೆದು.

"ಅಷ್ಟು ಹೊತ್ತು ಮೆಷೀನು ನಿಲ್ಲಿಸ್ಲಿಕ್ಕೆ ಪಾರ್ಟ್ನರ್ ಬಿಡುವುದಿಲ್ಲ ಭಾವ. ಎಂತ ಹೇಳಿ ನಿಲ್ಲಿಸುವುದು? ನೀನು ನೋಡಿದ್ದು ಗ್ಯಾರಂಟಿಯಾ?"

ಇದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.